ಹತ್ತಿರವಾದ ಊರು, ಮೊಟಕಾದ ರಜೆ

ಬೆಂಗಳೂರು–ಮೈಸೂರು ನಡುವಿನ ಸುಮಾರು 118 ಕಿಲೋಮೀಟರ್ ಉದ್ದದ ಹೊಸ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾದಾಗ ಮೈಸೂರಿನ ನಮ್ಮ ಬೀದಿಯ ಹಿರಿಯರೆಲ್ಲ ಸಂತೋಷಪಟ್ಟರು. ಬೆಂಗಳೂರಿನಲ್ಲಿರುವ ಮಕ್ಕಳು, ಮೊಮ್ಮಕ್ಕಳು ಇನ್ನು ಮೇಲೆ ಆಗಾಗ ಬರುತ್ತಾರೆ ಎಂಬುದು ಎಲ್ಲರ ಎಣಿಕೆಯಾಗಿತ್ತು. ಆ ಎಣಿಕೆ ಸುಳ್ಳಾಗಲಿಲ್ಲ. ಅವರು ಆಗಾಗ ಬರುತ್ತಾರೆ. ಆದರೆ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಬಂದವರು ಸಂಜೆ ಕಾಫಿ ಕುಡಿದು ಹೊರಟುಬಿಡುತ್ತಾರೆ. ಕೆಂಗೇರಿ ದಾಟಿದರೆ ಒಂದೂವರೆ ಗಂಟೆಯ ದಾರಿ. ರಾತ್ರಿ ಉಳಿಯಬೇಕಾದ ಕಾರಣವೇ ಇಲ್ಲ. ಮೂರೂವರೆ, ನಾಲ್ಕು ಗಂಟೆ ಬಸ್ಸಿನಲ್ಲಿ ಕುಳಿತು ಬರುತ್ತಿದ್ದ ಕಾಲದಲ್ಲಿ ಕನಿಷ್ಠ ಮೂರು ದಿನ ಇರುತ್ತಿದ್ದವರು ಈಗ ಚೀಲವನ್ನೇ ತರುವುದಿಲ್ಲ.

ಇದಕ್ಕೆ ಮಕ್ಕಳ ಪ್ರೀತಿ ಕಡಿಮೆಯಾಯಿತೆಂದು ಕಾರಣ ಹೇಳುವುದು ಸುಲಭ, ಆದರೆ ಸರಿಯಲ್ಲ. ಅರ್ಥಶಾಸ್ತ್ರದಲ್ಲಿ ಸ್ಥಿರ ವೆಚ್ಚ ಎಂಬ ಮಾತಿದೆ. ಒಂದು ಕೆಲಸಕ್ಕೆ ಕೈಹಾಕುವ ಮೊದಲೇ ತೆರಬೇಕಾದ ವೆಚ್ಚ ಅದು. ಆ ವೆಚ್ಚ ದೊಡ್ಡದಿದ್ದಾಗ ಅದಕ್ಕೆ ತಕ್ಕ ಪ್ರತಿಫಲ ಸಿಗುವವರೆಗೂ ನಾವು ಕೆಲಸ ಮುಂದುವರಿಸುತ್ತೇವೆ. ಪ್ರಯಾಣವೂ ಹಾಗೆಯೇ. ದಾರಿಯ ಆಯಾಸ ಹೆಚ್ಚಿದ್ದಾಗ ಹೋದ ಊರಿನಲ್ಲಿ ಹೆಚ್ಚು ದಿನ ನಿಲ್ಲುತ್ತೇವೆ. ಕಡಿಮೆಯಾದಾಗ ಹೆಚ್ಚು ಸಲ ಹೋಗಿ ಕಡಿಮೆ ಹೊತ್ತು ನಿಲ್ಲುತ್ತೇವೆ. ಇದು ಯಾರ ದೋಷವೂ ಅಲ್ಲ. ಆದರೆ ಹತ್ತು ಸಲ ಬಂದು ಹೋದ ಹತ್ತು ದಿನಗಳೂ, ಒಂದೇ ಸಲ ಬಂದು ಉಳಿದ ಹತ್ತು ದಿನಗಳೂ ಸಮವೇ? ದಸರಾ ರಜೆಯ ಯೋಜನೆ ಹಾಕಲು ಕುಳಿತಿರುವ ಅಜ್ಜ ಅಜ್ಜಿಯರಿಗೆ ಇದು ಬರಿಯ ಪುಸ್ತಕದ ಪ್ರಶ್ನೆಯಲ್ಲ.

ನಮ್ಮ ಮನೆಯಲ್ಲೇ ಇದಕ್ಕೆ ಉತ್ತರವಿದೆ. ನನ್ನ ಮಗ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾನೆ. ಎರಡು ವರ್ಷಕ್ಕೊಮ್ಮೆ ಬರುತ್ತಾನೆ. ಬಂದರೆ ನಾಲ್ಕು ವಾರ ಇರುತ್ತಾನೆ. ಅಷ್ಟು ಹಣ, ಅಷ್ಟು ಹೊತ್ತಿನ ವಿಮಾನಯಾನ, ಮೇಲೆ ನಿದ್ದೆಗೇಡು. ಇಷ್ಟೆಲ್ಲ ಆದ ಮೇಲೆ ನಾಲ್ಕು ದಿನಕ್ಕೆ ಹಿಂದಿರುಗುವವರು ಯಾರು? ಅವನ ಒಂಬತ್ತು ವರ್ಷದ ಮಗನಿಗೆ ನಮ್ಮ ಮನೆಯಲ್ಲಿ ಉಪ್ಪಿನ ಜಾಡಿ ಎಲ್ಲಿದೆ, ಹಿತ್ತಲ ಬಾಗಿಲಿನ ಅಗುಳಿಯನ್ನು ಎತ್ತಿ ಸರಿಸಬೇಕೋ ಒತ್ತಿ ಸರಿಸಬೇಕೋ, ಹಾಲಿನವನು ಬೆಲ್ ಒತ್ತುವುದು ಎಷ್ಟು ಸಲ, ಎಲ್ಲವೂ ಗೊತ್ತು. ಬೆಂಗಳೂರಿನಲ್ಲಿರುವ ಮಗಳ ಮಕ್ಕಳಿಬ್ಬರು ವರ್ಷಕ್ಕೆ ಹನ್ನೆರಡು ಸಲವಾದರೂ ಬರುತ್ತಾರೆ. ಅವರು ಇಂದಿಗೂ ನೀರು ಕುಡಿಯಬೇಕಾದರೆ ಲೋಟ ಎಲ್ಲಿದೆ ಎಂದು ಕೇಳುತ್ತಾರೆ. ದೂರದವನು ಮನೆಯವನಾಗಿದ್ದಾನೆ, ಹತ್ತಿರದವರು ನೆಂಟರಾಗಿದ್ದಾರೆ.

ಅಜ್ಜಿ ಮನೆಯ ಅರ್ಥಶಾಸ್ತ್ರ

ನಮ್ಮ ತಲೆಮಾರಿನವರ ಬೇಸಿಗೆ ರಜೆಯನ್ನು ನೆನೆಯದೆ ಈ ಮಾತು ಪೂರ್ತಿಯಾಗದು. ಏಪ್ರಿಲ್ 10ಕ್ಕೆ ಫಲಿತಾಂಶ ಹೇಳಿದ ಮರುದಿನವೇ ನಮ್ಮ ತಾಯಿ ನಮ್ಮನ್ನು ತೀರ್ಥಹಳ್ಳಿ ಸೀಮೆಯ ತವರಿಗೆ ಹೊರಡಿಸುತ್ತಿದ್ದರು. ಮೈಸೂರಿನಿಂದ ಅರಸೀಕೆರೆ, ಬೀರೂರು ದಾಟಿ ಶಿವಮೊಗ್ಗೆಯವರೆಗೆ ಮೀಟರ್ ಗೇಜ್ ರೈಲು. ಅಲ್ಲಿಂದ ತೀರ್ಥಹಳ್ಳಿಗೆ ಅರವತ್ತು ಕಿಲೋಮೀಟರ್ ಬಸ್ಸು. ತುಂಗಾ ಸೇತುವೆ ದಾಟಿದ ಮೇಲೆ ಇನ್ನೊಂದು ಬಸ್ಸಿಗೆ ಕಾದು, ಕೊನೆಗೆ ಎತ್ತಿನ ಗಾಡಿಯೋ ಕಾಲುನಡಿಗೆಯೋ. ತಲುಪುವ ಹೊತ್ತಿಗೆ ಒಂದೂವರೆ ದಿನ ಕಳೆದಿರುತ್ತಿತ್ತು. ಹಾಗೆ ಹೋದವರು ಮೇ ಕೊನೆಯವರೆಗೆ ಅಲ್ಲೇ.

ಅಲ್ಲಿ ನಮಗಾಗಿ ಯಾವ ಕಾರ್ಯಕ್ರಮವೂ ಇರುತ್ತಿರಲಿಲ್ಲ. ಮೊದಲ ನಾಲ್ಕು ದಿನ ಉತ್ಸಾಹ. ಐದನೆಯ ದಿನ ಬೇಸರ. ಬೇಸರವಾಯಿತೆಂದು ಅಜ್ಜಿಯ ಮುಂದೆ ಹೇಳಿದರೆ ಹಲಸಿನ ಹಣ್ಣಿನ ತೊಳೆ ಬಿಡಿಸುವ ಕೆಲಸ ಸಿಗುತ್ತಿತ್ತು. ಎರಡನೆಯ ವಾರದ ಹೊತ್ತಿಗೆ ನಾವು ಆ ಮನೆಯ ದಿನಚರಿಯೊಳಗೆ ಸೇರಿಹೋಗಿರುತ್ತಿದ್ದೆವು. ಹಪ್ಪಳ ಕಾಯುವುದು, ದನ ಹೊಡೆದುಕೊಂಡು ಬರುವುದು, ಅಜ್ಜನ ಕವಳದ ಪೆಟ್ಟಿಗೆ ತಂದುಕೊಡುವುದು. ಅಜ್ಜ ತನ್ನ ತಮ್ಮನೊಡನೆ ಏಕೆ ಮಾತು ಬಿಟ್ಟಿದ್ದಾರೆ, ಅಜ್ಜಿ ಶುಕ್ರವಾರ ಏಕೆ ಅಳುತ್ತಾರೆ ಎಂಬುದೆಲ್ಲ ನಮಗೆ ತಿಳಿದದ್ದು ಮೂರನೆಯ ವಾರದ ನಂತರವೇ. ಮನುಷ್ಯರನ್ನು ಅರಿಯಲು ಅಷ್ಟು ದಿನ ಬೇಕು. ಹಿರಿಯರು ತಮ್ಮ ಬದುಕನ್ನು ಮೊಮ್ಮಕ್ಕಳ ಮುಂದೆ ಬಿಚ್ಚಿಡುವುದು ಕರೆದು ಕೂರಿಸಿಕೊಂಡಲ್ಲ. ಬೇರೆ ಕೆಲಸ ಮಾಡುತ್ತಿರುವಾಗ, ಬೇರೆ ಮಾತಿನ ನಡುವೆ.

ಹಾಗೆಂದು ಹಳೆಯದೆಲ್ಲ ಚಿನ್ನವೆನ್ನುವ ಪೈಕಿ ನಾನಲ್ಲ. ಆ ಮನೆಯಲ್ಲಿ ರಜೆಯ ದಿನಗಳಲ್ಲಿ ಹದಿನೆಂಟು, ಇಪ್ಪತ್ತು ಎಲೆ ಬೀಳುತ್ತಿದ್ದವು. ಮೂವರು ಸೊಸೆಯಂದಿರು ನಸುಕಿನಲ್ಲಿ ಒಲೆ ಹಚ್ಚಿದರೆ ರಾತ್ರಿ ಹತ್ತರವರೆಗೂ ಅದು ಆರುತ್ತಿರಲಿಲ್ಲ. ತವರಿಗೆ ಬಂದ ನಮ್ಮ ತಾಯಿಗೆ ರಜೆ. ಅಲ್ಲೇ ಇದ್ದ ಅತ್ತೆಯರಿಗೆ ರಜೆಯೆಂದರೆ ದುಪ್ಪಟ್ಟು ದುಡಿಮೆ. ಅವರು ತಮ್ಮ ತವರಿಗೆ ಹೋಗುತ್ತಿದ್ದುದು ನಾವೆಲ್ಲ ಹಿಂದಿರುಗಿ, ಮಳೆ ಹಿಡಿದ ಮೇಲೆ, ಅದೂ ಎಲ್ಲರೂ ಅಲ್ಲ. ನಮ್ಮ ಸವಿನೆನಪಿನ ಬೆಲೆಯನ್ನು ತೆತ್ತವರು ಅವರು. ಆ ಬೆಲೆ ಯಾವ ಲೆಕ್ಕಪುಸ್ತಕದಲ್ಲೂ ಸೇರಲಿಲ್ಲ.

ಅರವತ್ತಾರು ದಿನಗಳ ಲೆಕ್ಕ

ಈ ವರ್ಷ ಜೂನ್‌ನಲ್ಲಿಯೇ ಮಗಳು ಫೋನ್ ಮಾಡಿ, "ಅಪ್ಪ, ದಸರಾ ರಜೆಗೆ ನೀವಿಬ್ಬರೂ ಇಲ್ಲಿಗೇ ಬಂದುಬಿಡಿ. ಮಕ್ಕಳಿಗೆ ಈಜು, ರೊಬೊಟಿಕ್ಸ್ ಕ್ಲಾಸ್ ಇದೆ. ನಮಗಿಬ್ಬರಿಗೂ ರಜೆ ಸಿಗುವುದಿಲ್ಲ" ಎಂದಳು. ಅವಳ ಕೋರಿಕೆಯಲ್ಲಿ ತಪ್ಪು ಹುಡುಕಲಾಗದು. ಅವಳ ಕಷ್ಟವನ್ನು ಅಂಕಿಗಳಲ್ಲಿ ಇಟ್ಟು ನೋಡಿದರೆ ಅದು ಸ್ಪಷ್ಟವಾಗುತ್ತದೆ.

ರಾಜ್ಯ ಪಠ್ಯಕ್ರಮದ ಶಾಲೆಗಳ 2025–26ರ ಶೈಕ್ಷಣಿಕ ವೇಳಾಪಟ್ಟಿಯನ್ನೇ ತೆಗೆದುಕೊಳ್ಳೋಣ. ದಸರಾ ರಜೆ ಸೆಪ್ಟೆಂಬರ್ 20ರಿಂದ ಅಕ್ಟೋಬರ್ 7ರವರೆಗೆ, 18 ದಿನ. ಬೇಸಿಗೆ ರಜೆ ಏಪ್ರಿಲ್ 11ರಿಂದ ಮೇ 28ರವರೆಗೆ, 48 ದಿನ. ಒಟ್ಟು 66 ದಿನ. ಇದರಲ್ಲಿ ಶನಿವಾರ, ಭಾನುವಾರ, ಹಬ್ಬದ ದಿನಗಳನ್ನು ಕಳೆದರೂ ತಂದೆತಾಯಿಯರು ಕಚೇರಿಯಲ್ಲಿದ್ದು ಮಕ್ಕಳು ಮನೆಯಲ್ಲಿರುವ ದಿನಗಳು ಸುಮಾರು 45. ನನ್ನ ಮಗಳಿಗೂ ಅಳಿಯನಿಗೂ ವರ್ಷಕ್ಕೆ ತಲಾ 18 ದಿನ ಗಳಿಕೆ ರಜೆ. ಗಂಡ ಹೆಂಡತಿ ಒಂದು ದಿನವೂ ಒಟ್ಟಿಗೆ ರಜೆ ಹಾಕದೆ, ಜ್ವರ ಬರದೆ, ಮದುವೆ ಮುಂಜಿಗೆ ಹೋಗದೆ, ಎಲ್ಲ ರಜೆಯನ್ನೂ ಮಕ್ಕಳಿಗೇ ಮೀಸಲಿಟ್ಟರೂ 36 ದಿನ. ಇನ್ನೂ 9 ದಿನಗಳ ಕೊರತೆ. ವಾಸ್ತವದಲ್ಲಿ ಈ ಕೊರತೆ ಮೂವತ್ತಕ್ಕೆ ಹತ್ತಿರವಿರುತ್ತದೆ.

ಈ ಕೊರತೆಯನ್ನು ತುಂಬುವವರು ಯಾರು? ಕಾನೂನು ಇದರ ಒಂದು ತುದಿಯನ್ನು ಮಾತ್ರ ಮುಟ್ಟಿದೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯು ರಜೆಯನ್ನು 26 ವಾರಗಳಿಗೆ ಏರಿಸಿತು; 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದಿತು. ಅದು ಹಾಲುಗೂಸುಗಳ ಮಾತಾಯಿತು. ಏಳು ವರ್ಷದ, ಹನ್ನೊಂದು ವರ್ಷದ ಮಕ್ಕಳು ರಜೆಯಲ್ಲಿ ಎಲ್ಲಿರಬೇಕು ಎಂಬ ಪ್ರಶ್ನೆ ಯಾವ ಕಾಯ್ದೆಯಲ್ಲೂ ಇಲ್ಲ. 2025ರ ದಸರಾ ಸಮಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ನಿಯೋಜಿಸಲಾಗಿತ್ತು. ಸಮೀಕ್ಷೆ ಮುಗಿಯದ ಕಾರಣ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಪಾಠಗಳನ್ನು ಹೇಗೆ ಸರಿದೂಗಿಸುವುದು ಎಂಬ ಚರ್ಚೆ ನಡೆಯಿತು. ಆ ಹೆಚ್ಚುವರಿ ದಿನಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಯಾರು ಎಂಬ ಚರ್ಚೆ ನನಗೆ ಕೇಳಿಬರಲಿಲ್ಲ. ಮನೆಯಲ್ಲಿ ಅಜ್ಜಿ ಇದ್ದಾಳೆ ಎಂಬುದು ನಮ್ಮ ವ್ಯವಸ್ಥೆಯ ಬರೆಯದ ನಿಯಮ. ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರದ ಕಡತಗಳ ನಡುವೆ ಕಳೆದವನಾಗಿ ಹೇಳುತ್ತೇನೆ: ಬರೆಯದ ನಿಯಮಗಳನ್ನು ತಿದ್ದುವುದು ಬರೆದವನ್ನು ತಿದ್ದುವುದಕ್ಕಿಂತ ಕಷ್ಟ.

ಲೆಕ್ಕಕ್ಕೆ ಸೇರದ ದುಡಿಮೆ

ಬ್ರಿಟಿಷ್ ಅರ್ಥಶಾಸ್ತ್ರಜ್ಞ ಪಿಗೂ 1920ರ ತಮ್ಮ ಗ್ರಂಥದಲ್ಲಿ ಒಂದು ವಿಚಿತ್ರವನ್ನು ಗುರುತಿಸಿದ್ದರು. ಮನೆಗೆಲಸಕ್ಕೆ ಸಂಬಳ ಕೊಟ್ಟು ಇಟ್ಟುಕೊಂಡ ಹೆಂಗಸನ್ನೇ ಒಬ್ಬಾತ ಮದುವೆಯಾದರೆ, ಅದೇ ಕೆಲಸ ಮುಂದುವರಿದರೂ ರಾಷ್ಟ್ರೀಯ ವರಮಾನ ಇಳಿಯುತ್ತದೆ. ಒಂದು ಶತಮಾನ ಕಳೆದರೂ ಈ ವಿಚಿತ್ರ ಹಾಗೆಯೇ ಇದೆ. ಮೊಮ್ಮಕ್ಕಳನ್ನು ಬೇಸಿಗೆ ಶಿಬಿರಕ್ಕೆ ಕಳಿಸಿ ಶುಲ್ಕ ಕಟ್ಟಿದರೆ ದೇಶದ ವರಮಾನ ಏರುತ್ತದೆ. ಅಜ್ಜಿ ನೋಡಿಕೊಂಡರೆ ಏರುವುದಿಲ್ಲ. ಮಾನವಶಾಸ್ತ್ರಜ್ಞರು ಅಜ್ಜಿಗೆ ಇನ್ನೂ ಹೆಚ್ಚಿನ ಗೌರವ ಕೊಟ್ಟಿದ್ದಾರೆ. ಟಾಂಜಾನಿಯಾದ ಹಾಡ್ಜಾ ಜನರ ನಡುವೆ ಅಧ್ಯಯನ ನಡೆಸಿದ ಕ್ರಿಸ್ಟನ್ ಹಾಕ್ಸ್ ಮತ್ತು ಸಂಗಡಿಗರು, ಅಜ್ಜಿಯರು ಅಗೆದು ತರುವ ಗೆಡ್ಡೆಗೆಣಸು ಮೊಮ್ಮಕ್ಕಳ ಪೋಷಣೆಗೆ ಎಷ್ಟು ಮುಖ್ಯ ಎಂಬುದನ್ನು ತೋರಿಸಿದರು. ಹೆರುವ ವಯಸ್ಸು ಮುಗಿದ ಮೇಲೂ ಮನುಷ್ಯ ಕುಲದ ಹೆಣ್ಣು ದೀರ್ಘಕಾಲ ಬದುಕುವುದಕ್ಕೆ ಇದೇ ಕಾರಣವಿರಬಹುದೆಂಬ ವಾದವೂ ಅಲ್ಲಿಂದ ಬೆಳೆಯಿತು.

ನಮ್ಮ ದೇಶದ ಅಂಕಿಅಂಶಗಳಿಗೆ ಬಂದರೆ, ರಾಷ್ಟ್ರೀಯ ಸಾಂಖ್ಯಿಕ ಕಚೇರಿ ನಡೆಸಿದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆ ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ವ್ಯಯಿಸುತ್ತಿದ್ದಳು. ಪುರುಷ 97 ನಿಮಿಷ. 2024ರ ಸಮೀಕ್ಷೆಯಲ್ಲಿ ಇದು ಕ್ರಮವಾಗಿ 289 ಮತ್ತು 88 ನಿಮಿಷ. ಐದು ವರ್ಷದಲ್ಲಿ ಹೆಂಗಸರಿಗೆ ಹತ್ತು ನಿಮಿಷ ಬಿಡುವು ಸಿಕ್ಕಿತು, ಗಂಡಸರಿಗೆ ಒಂಬತ್ತು.

2025ರ ದಸರೆಯಲ್ಲಿ ಮಗಳ ಸಂಸಾರ ಮೂರು ದಿನ ನಮ್ಮಲ್ಲಿದ್ದಾಗ, ಕಚೇರಿಯ ಹಳೆಯ ಚಟದಿಂದ, ನಾನೂ ಒಂದು ದಿನದ ಸಮೀಕ್ಷೆ ನಡೆಸಿದೆ. ಬೆಳಿಗ್ಗೆ ಐದೂವರೆಗೆ ಎದ್ದ ನನ್ನ ಪತ್ನಿ ರಾತ್ರಿ ಹತ್ತಕ್ಕೆ ಮಲಗಿದಳು. ನಡುವೆ ಕುಳಿತದ್ದು, ಉಂಡದ್ದು, ಟಿ.ವಿ. ನೋಡಿದ್ದು ಎಲ್ಲ ಕಳೆದು ಅವಳ ದುಡಿಮೆ 640 ನಿಮಿಷ. ತರಕಾರಿ ಹೆಚ್ಚುವುದು, ಪಾತ್ರೆ ಒರೆಸುವುದು, ಮಾರುಕಟ್ಟೆಗೆ ಹೋಗುವುದು ಸೇರಿ ನನ್ನದು 190. ಅವಳಿಗೆ ಅರವತ್ತನಾಲ್ಕು ವರ್ಷ. ಒಂದು ಮಂಡಿಗೆ ಶಸ್ತ್ರಚಿಕಿತ್ಸೆಯಾಗಿದೆ, ಇನ್ನೊಂದು ಕಾದಿದೆ. ಈ ಅಂಕಿಯನ್ನು ಅವಳಿಗೆ ತೋರಿಸಿದಾಗ ಅವಳು ಅಚ್ಚರಿಪಡಲಿಲ್ಲ. "ಮೊಮ್ಮಕ್ಕಳು ಬರುವುದು ನನಗೆ ಹಬ್ಬವೇ ರೀ. ಅವರು ಹೋದ ಮೇಲೆ ಹದಿನೈದು ದಿನ ಕಾಲು ನೀವಿಕೊಂಡು ಕೂರುವುದು ಹಬ್ಬವಲ್ಲ" ಎಂದಳು.

ಆದ್ದರಿಂದ ಮಗಳ ಕೋರಿಕೆಗೆ ಉತ್ತರ ಕೊಡಬೇಕಾದವಳು ಅವಳೇ ಆಗಿದ್ದಳು. ಬೆಂಗಳೂರಿಗೆ ಹೋದರೆ ಅವಳ ಕೆಲಸ ಕಡಿಮೆ. ಅಡುಗೆಗೆ ಅಲ್ಲಿ ಆಳಿದ್ದಾರೆ. ಆದರೆ ಮೈಸೂರಿನ ಮನೆಯಲ್ಲಿ ಬೊಂಬೆ ಕೂರಿಸುವುದು ಮೂವತ್ತೆಂಟು ವರ್ಷಗಳಲ್ಲಿ ಮೊದಲ ಬಾರಿಗೆ ತಪ್ಪುತ್ತದೆ. ಮದುವೆಯಲ್ಲಿ ಅವಳ ತಂದೆತಾಯಿ ಕೊಟ್ಟ ರಕ್ತಚಂದನದ ಪಟ್ಟದ ಬೊಂಬೆಗಳು ಅಟ್ಟದ ಮೇಲೆಯೇ ಉಳಿಯುತ್ತವೆ. ಒಂದೆರಡು ದಿನ ಯೋಚಿಸಿ ಅವಳು ಮಗಳಿಗೆ ಹೇಳಿದ್ದು ಇಷ್ಟು: "ನಾವು ಬರುವುದಿಲ್ಲಮ್ಮ. ಮಕ್ಕಳನ್ನು ಇಲ್ಲಿಗೆ ಕಳಿಸು. ನೀವು ಜೊತೆಯಲ್ಲಿ ಬರಬೇಡಿ, ಕೊನೆಯಲ್ಲಿ ಬನ್ನಿ. ಆದರೆ ಪೂರ್ತಿ ಒಂಬತ್ತು ದಿನ ಕಳಿಸಬೇಕು."

ಮಗಳು ಸುಮ್ಮನಾದಳು. ಈಜಿನ ಶುಲ್ಕ ಕಟ್ಟಿಯಾಗಿತ್ತು. ಅದಕ್ಕಿಂತ ಮಿಗಿಲಾಗಿ, ಏಳು ವರ್ಷದ ಮಗು ಒಂಬತ್ತು ರಾತ್ರಿ ತಾಯಿಯನ್ನು ಬಿಟ್ಟು ಇದ್ದುದೇ ಇಲ್ಲ. ಒಂದು ವಾರದ ಬಳಿಕ ಒಪ್ಪಿಗೆ ಬಂತು. ಅದು ಸಂತೋಷದ ಒಪ್ಪಿಗೆಯಾಗಿತ್ತೆಂದು ನಾನು ಹೇಳಲಾರೆ.

ಬೀಗರ ಪಾಲು

ಅಜ್ಜ ಅಜ್ಜಿಯರ ಯೋಜನೆಯಲ್ಲಿ ಇನ್ನೊಂದು ಪಕ್ಷವಿದೆ. ನಮ್ಮ ಬೀಗರು ಧಾರವಾಡದವರು. ದೀಪಾವಳಿ ಅಲ್ಲಿ, ದಸರೆ ಇಲ್ಲಿ ಎಂಬ ಹಂಚಿಕೆ ಇಷ್ಟು ವರ್ಷ ನಡೆದುಬಂದಿತ್ತು. ಆದರೆ ಉತ್ತರ ಕರ್ನಾಟಕದಲ್ಲಿ ವಿಜಯದಶಮಿಯ ಸಂಜೆ ಕಿರಿಯರು ಹಿರಿಯರಿಗೆ ಬನ್ನಿ ಕೊಟ್ಟು ಕಾಲಿಗೆರಗುವುದು ಸಣ್ಣ ಸಂಗತಿಯಲ್ಲ. ಬಂಗಾರದಂತೆ ಇರೋಣ ಎಂದು ಎಲೆಯನ್ನು ಕೈಯಿಂದ ಕೈಗೆ ಕೊಡುವ ಆ ದಿನ ಮುನಿದವರೂ ಮನೆಗೆ ಬರುತ್ತಾರೆ. ಎಪ್ಪತ್ತನಾಲ್ಕು ವರ್ಷದ ಬೀಗರು ಈ ಬಾರಿ ನೇರವಾಗಿಯೇ ಕೇಳಿದರು: "ಬನ್ನಿ ಕೊಡೂ ದಿನಾ ಮೊಮ್ಮಕ್ಕಳು ಮನ್ಯಾಗ ಇಲ್ಲಂದ್ರ ಹಬ್ಬ ಏನ್ ಬಂತ್ರೀ?" ಅವರ ಮಾತಿಗೆ ಎದುರು ಮಾತಿರಲಿಲ್ಲ.

ಮಕ್ಕಳ ಸಮಯವೆಂಬ ಸೀಮಿತ ಸಂಪನ್ಮೂಲಕ್ಕೆ ಎರಡು ಮನೆಗಳು ಹಕ್ಕುದಾರರಾದಾಗ ಅರ್ಧರ್ಧ ಹಂಚುವುದು ಸುಲಭದ ದಾರಿ. ಆದರೆ ಅರ್ಧರ್ಧ ಮಾಡಿದರೆ ಎರಡು ಮನೆಗೂ ಭೇಟಿಗಳು ಉಳಿಯುತ್ತವೆ, ವಾಸ್ತವ್ಯ ಯಾರಿಗೂ ಇಲ್ಲ. ಆದ್ದರಿಂದ ನಾವು ಬೇರೆ ದಾರಿ ಹಿಡಿದೆವು. ಬೊಂಬೆ ಕೂರಿಸುವ ಹಿಂದಿನ ದಿನದಿಂದ ಮಹಾನವಮಿಯವರೆಗೆ ಮಕ್ಕಳು ಮೈಸೂರಿನಲ್ಲಿ. ಆಯುಧಪೂಜೆಗೆ ಮಗಳು, ಅಳಿಯ ಇಲ್ಲಿಗೆ ಬರುತ್ತಾರೆ. ಆ ರಾತ್ರಿ ಅಳಿಯ, ಇಬ್ಬರು ಮಕ್ಕಳು ಮತ್ತು ನಾನು ಧಾರವಾಡದ ರಾತ್ರಿ ರೈಲು ಹತ್ತುತ್ತೇವೆ. ವಿಜಯದಶಮಿಯ ಬೆಳಿಗ್ಗೆ ಬೀಗರ ಮನೆ. ಉಳಿದ ರಜೆಯೆಲ್ಲ ಅಲ್ಲೇ. ನಾನು ಮೂರು ದಿನವಿದ್ದು ಹಿಂದಿರುಗುತ್ತೇನೆ. ರಜೆ ಮುಗಿಯುವ ಮುನ್ನ ಮಕ್ಕಳನ್ನು ಬೆಂಗಳೂರಿಗೆ ಬಿಡುವ ಹೊಣೆ ಬೀಗರದು.

ಈ ಏರ್ಪಾಟಿಗೂ ಬೆಲೆಯಿದೆ. ವಿಜಯದಶಮಿಯಂದು ಮೈಸೂರಿನಲ್ಲಿ ಇರದಿದ್ದರೆ ಜಂಬೂ ಸವಾರಿ ತಪ್ಪುತ್ತದೆ. 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಕಣ್ಣಾರೆ ನೋಡಬೇಕೆಂದು ಹನ್ನೊಂದು ವರ್ಷದ ಮೊಮ್ಮಗ ಹಟ ಹಿಡಿದ. ಅವನಿಗೆ ಅವಕಾಶ ವೆಚ್ಚದ ಪಾಠ ಹೇಳುವ ಬದಲು, ಹಬ್ಬದ ಮುಂಚಿನ ದಿನಗಳಲ್ಲಿ ಗಜಪಡೆಗೆ ಅರಮನೆಯಿಂದ ಬನ್ನಿಮಂಟಪದವರೆಗೆ ನಡೆಯುವ ತಾಲೀಮನ್ನು ತೋರಿಸುವುದಾಗಿ ಮಾತು ಕೊಟ್ಟಿದ್ದೇನೆ. ಜನಜಂಗುಳಿಯಿಲ್ಲದೆ, ಪಾಸಿನ ಗೋಜಿಲ್ಲದೆ, ಆನೆಗಳನ್ನು ಹತ್ತಿರದಿಂದ ನೋಡಬಹುದು. ಅಂಬಾರಿ ಮಾತ್ರ ಈ ವರ್ಷ ಇಲ್ಲ.

ಒಂಬತ್ತು ದಿನಗಳ ಯೋಜನೆ

ಮನೆಯ ಅಜ್ಜಿ ಹಾಕಿರುವ ಷರತ್ತುಗಳು ಮೂರು. ಆ ಒಂಬತ್ತು ದಿನ ಅಡುಗೆಗೆ ಒಬ್ಬರನ್ನು ಗೊತ್ತು ಮಾಡಬೇಕು. ಸಂಜೆಯ ತಿಂಡಿಯ ಹೊಣೆ ನನ್ನದು. ಮಕ್ಕಳಿಬ್ಬರೂ ದಿನಕ್ಕೊಂದು ಮನೆಗೆಲಸ ಮಾಡಬೇಕು, ಅದನ್ನು ಬದಲಾಯಿಸುವಂತಿಲ್ಲ. ಮೂರನೆಯದು, ನಾನು ಧಾರವಾಡದಿಂದ ಹಿಂದಿರುಗಿದ ಮೇಲೆ ಅವಳು ತನ್ನ ತಂಗಿಯೊಡನೆ ನಾಲ್ಕು ದಿನ ಶೃಂಗೇರಿ, ಹೊರನಾಡಿಗೆ ಹೋಗುತ್ತಾಳೆ, ಮನೆಯಲ್ಲಿ ನಾನಿರಬೇಕು. ಸರ್ಕಾರಿ ನೌಕರಿಯಲ್ಲಿದ್ದಷ್ಟು ಕಾಲ ನನಗೆ ವರ್ಷಕ್ಕೆ 30 ದಿನ ಗಳಿಕೆ ರಜೆ ಖಾತೆಗೆ ಜಮೆಯಾಗುತ್ತಿತ್ತು, ಜನವರಿಯಲ್ಲಿ 15, ಜುಲೈಯಲ್ಲಿ 15. ಅವಳ ಖಾತೆಗೆ ಯಾರೂ ಜಮೆ ಮಾಡಿದವರಿಲ್ಲ. ಈ ನಾಲ್ಕು ದಿನಗಳನ್ನು ಅವಳು ಯಾರ ಮಂಜೂರಾತಿಗೂ ಕಾಯದೆ ತೆಗೆದುಕೊಂಡಿದ್ದಾಳೆ.

ಉಳಿದಂತೆ ಯೋಜನೆ ತೀರ ಸರಳ. ಹಬ್ಬಕ್ಕೆ ವಾರವಿರುವಾಗಲೇ ನಾನು ಅಗಲವಾದ ತಟ್ಟೆಗೆ ಮಣ್ಣು ತುಂಬಿ ರಾಗಿ ಚೆಲ್ಲಿರುತ್ತೇನೆ. ಮಕ್ಕಳು ಬರುವ ಹೊತ್ತಿಗೆ ಬೊಂಬೆಗಳ ಉದ್ಯಾನಕ್ಕೆ ಹಸಿರು ಪೈರು ಎದ್ದಿರಬೇಕು. ಅದಕ್ಕೆ ನೀರು ಚಿಮುಕಿಸುವುದು ಕಿರಿಯವಳ ಕೆಲಸ. ಬೆಸ ಸಂಖ್ಯೆಯ ಮೆಟ್ಟಿಲು ಜೋಡಿಸಿ ಬಿಳಿಯ ಪಂಚೆ ಹಾಸುವುದು ಹಿರಿಯವನದು. ಶೆಟ್ಟರ ಅಂಗಡಿಗೆ ಅಕ್ಕಿ, ಬೇಳೆ ಇಡುವುದರ ಬಗ್ಗೆ ಇಬ್ಬರಿಗೂ ಜಗಳವಾಗುತ್ತದೆ, ಆಗಲಿ. ಸಂಜೆ ಬೀದಿಯ ಮಕ್ಕಳು ಬೊಂಬೆ ಬಾಗಿನಕ್ಕೆ ಬರುತ್ತಾರೆ. ಹಿಂದೆ ಮೂವತ್ತು ಮಕ್ಕಳು ಬರುತ್ತಿದ್ದ ನಮ್ಮ ಮನೆಗೆ ಈಗ ಆರೋ ಏಳೋ. ಬಂದವರಿಗೆ ಕೊಬ್ಬರಿ ಮಿಠಾಯಿಯನ್ನೋ ಕೋಡುಬಳೆಯನ್ನೋ ಕೊಡುವ ಅಧಿಕಾರ ಮೊಮ್ಮಕ್ಕಳದು. ಶಾಲೆಯವರು ಕೊಟ್ಟಿರುವ ರಜೆಯ ಮನೆಪಾಠಕ್ಕೂ ಸಂಪ್ರದಾಯದಲ್ಲೇ ಪರಿಹಾರವಿದೆ. ಮೂಲಾ ನಕ್ಷತ್ರದಂದು ಸರಸ್ವತಿ ಪೂಜೆಗೆ ಪುಸ್ತಕಗಳನ್ನು ಇಟ್ಟ ಮೇಲೆ ವಿಜಯದಶಮಿಯವರೆಗೆ ಓದುವಂತಿಲ್ಲ. ಈ ಒಂದು ವಿಷಯದಲ್ಲಿ ಮೊಮ್ಮಕ್ಕಳು ನಮಗಿಂತ ಹೆಚ್ಚು ಮಡಿವಂತರಾಗುತ್ತಾರೆ ಎಂಬ ಭರವಸೆ ನನಗಿದೆ.

ಮಿಕ್ಕ ಹೊತ್ತಿಗೆ ಏನೂ ಇಲ್ಲ. ಮೃಗಾಲಯ, ವಸ್ತುಪ್ರದರ್ಶನ, ದೀಪಾಲಂಕಾರ ಎಲ್ಲವೂ ಹತ್ತಿರದಲ್ಲಿವೆ. ಕೇಳಿದರೆ ಕರೆದೊಯ್ಯುತ್ತೇನೆ, ಪಟ್ಟಿ ಹಾಕಿಲ್ಲ. ಐದನೆಯ ದಿನ ಬೇಸರ ಬರುತ್ತದೆಂದು ನನಗೆ ಗೊತ್ತು. ಮೊಬೈಲ್ ಕೇಳುತ್ತಾರೆಂದೂ ಗೊತ್ತು. ಸಂಜೆ ಒಂದು ಗಂಟೆ ಕೊಡುವುದೆಂದು ತೀರ್ಮಾನಿಸಿದ್ದೇವೆ. ಪೂರ್ತಿ ನಿಷೇಧ ಹೇರಿದರೆ ನಾವು ಕಾವಲುಗಾರರಾಗುತ್ತೇವೆ. ಕಿರಿಯವಳು ಎರಡನೆಯ ರಾತ್ರಿ ಅಮ್ಮ ಬೇಕೆಂದು ಅಳಬಹುದು. ಆಗ ಅವಳಮ್ಮ ಹೊರಟು ಬಂದುಬಿಡುವಷ್ಟು ಹತ್ತಿರ ಹೆದ್ದಾರಿ ತಂದಿಟ್ಟಿದೆ. ಆ ಒಂದು ರಾತ್ರಿ ಬರದೆ ಇರುವುದೇ ಮಗಳ ಪಾಲಿನ ಕಷ್ಟದ ಕೆಲಸ. ಅದನ್ನು ಅವಳಿಗೆ ಮುಂಚಿತವಾಗಿಯೇ ಹೇಳಿದ್ದೇವೆ.

ವಿಜಯದಶಮಿಯ ರಾತ್ರಿ ಪಟ್ಟದ ಬೊಂಬೆಗಳನ್ನು ಮಲಗಿಸಿ, ಮರುದಿನ ಎಲ್ಲವನ್ನೂ ಹಳೆಯ ಪಂಚೆಯ ತುಂಡುಗಳಲ್ಲಿ ಸುತ್ತಿ ಪೆಟ್ಟಿಗೆಗಿಡಬೇಕು. ಯಾವ ಬೊಂಬೆ ಯಾವ ಪೆಟ್ಟಿಗೆಯಲ್ಲಿ ಎಂಬುದು ಈವರೆಗೆ ನನ್ನ ಪತ್ನಿಯೊಬ್ಬಳಿಗೇ ಗೊತ್ತು. ನಾವೆಲ್ಲ ಧಾರವಾಡದಲ್ಲಿರುವಾಗ ತಾಯಿ ಮಗಳಿಬ್ಬರೇ ಆ ಕೆಲಸ ಮಾಡುತ್ತಾರೆ. ಮಗಳು ಅದಕ್ಕಾಗಿ ಒಂದು ದಿನ ರಜೆ ಹಾಕಿದ್ದಾಳೆ. ಈ ಮನೆಯನ್ನು ಮುಂದೆ ಉಳಿಸಿಕೊಳ್ಳುವುದೋ ಮಾರುವುದೋ ಎಂಬ ಮಾತು ನಮ್ಮ ನಡುವೆ ಆಗಾಗ ಸುಳಿದುಹೋಗುತ್ತಿರುತ್ತದೆ. ಮನೆ ಏನೇ ಆಗಲಿ, ಬೊಂಬೆಗಳು ಯಾವ ಕ್ರಮದಲ್ಲಿ ಕೂರುತ್ತವೆ ಎಂಬುದು ಇನ್ನೊಬ್ಬರಿಗೆ ತಿಳಿದಿರಬೇಕು.

ಕೆಲವು ಸಲಹೆಗಳು

ನಮ್ಮಂತಹ ಕುಟುಂಬಗಳು ಊರಿನ ತುಂಬ ಇವೆ. 2011ರ ಜನಗಣತಿಯ ಪ್ರಕಾರವೇ ದೇಶದಲ್ಲಿ ಅರವತ್ತು ದಾಟಿದವರು ಹತ್ತು ಕೋಟಿಗೂ ಹೆಚ್ಚು. ಅಂದಿನಿಂದ ಈ ಸಂಖ್ಯೆ ಏರುತ್ತಲೇ ಬಂದಿದೆ. ಹಾಗಾಗಿ ಕೆಲವು ಮಾತುಗಳನ್ನು ಸಾರ್ವಜನಿಕವಾಗಿ ಹೇಳುವುದರಲ್ಲಿ ಅರ್ಥವಿದೆ.

ಮೊದಲನೆಯದು ಶಾಲೆಗಳಿಗೆ. ರಾಜ್ಯ ಪಠ್ಯಕ್ರಮದ ಶಾಲೆಗೂ ಕೇಂದ್ರೀಯ ಪಠ್ಯಕ್ರಮದ ಶಾಲೆಗೂ ರಜೆಯ ದಿನಾಂಕಗಳು ಹೊಂದುವುದಿಲ್ಲ. ಒಂದೇ ಅಜ್ಜಿಯ ಮೊಮ್ಮಕ್ಕಳು, ಅಣ್ಣತಮ್ಮಂದಿರ ಮಕ್ಕಳು, ರಜೆಯಲ್ಲಿ ಒಂದೆಡೆ ಸೇರಲಾಗುತ್ತಿಲ್ಲ. ಎಲ್ಲ ರಜೆಗಳನ್ನೂ ಏಕರೂಪಗೊಳಿಸುವುದು ಕಷ್ಟವಾದರೂ ದಸರೆಯ ಹತ್ತು ದಿನಗಳನ್ನಾದರೂ ಎಲ್ಲ ಶಾಲೆಗಳಿಗೂ ಸಮಾನವಾಗಿಡಲು ಶಿಕ್ಷಣ ಇಲಾಖೆ ಪ್ರಯತ್ನಿಸಬಹುದು. ಎರಡನೆಯದು ಉದ್ಯೋಗದಾತರಿಗೆ. ಶಾಲೆಯ ವೇಳಾಪಟ್ಟಿ ವರ್ಷದ ಆರಂಭದಲ್ಲೇ ಪ್ರಕಟವಾಗುತ್ತದೆ; ಮಕ್ಕಳಿರುವ ನೌಕರರಿಗೆ ಆ ದಿನಗಳಲ್ಲಿ ಸರದಿಯ ಮೇಲೆ ರಜೆಯನ್ನೋ ಮನೆಯಿಂದ ಕೆಲಸವನ್ನೋ ಮೊದಲೇ ನಿಗದಿಪಡಿಸುವುದು ದೊಡ್ಡ ವೆಚ್ಚದ ಬಾಬಲ್ಲ. ಮೂರನೆಯದು ಊರಿನ ಗ್ರಂಥಾಲಯ, ರಂಗಮಂದಿರಗಳಿಗೆ. ಮೈಸೂರಿನ ರಂಗಾಯಣ ಬೇಸಿಗೆಯಲ್ಲಿ ನಡೆಸುವ ಚಿಣ್ಣರ ಮೇಳದಂಥ ಶಿಬಿರಗಳು ಅಜ್ಜಿಯರಿಗೆ ಅರ್ಧ ದಿನದ ವಿಶ್ರಾಂತಿಯನ್ನೂ ಕೊಡುತ್ತವೆ. ಅಂಥವು ದಸರಾ ರಜೆಯಲ್ಲಿಯೂ ಬಡಾವಣೆಗೊಂದರಂತೆ ಇರಬೇಕು.

ಕೊನೆಯ ಮಾತು ನನ್ನ ಓರಗೆಯವರಿಗೆ, ಅದರಲ್ಲೂ ಅಜ್ಜಂದಿರಿಗೆ. ಮೊಮ್ಮಕ್ಕಳು ಬರಲಿ ಎಂದು ಹಾರೈಸುವುದರ ಜೊತೆಗೆ, ಎಷ್ಟು ದಿನ ಬರಲಿ ಎಂದು ಕೇಳಿ. ಕೇಳುವ ಮೊದಲು ಮನೆಯಾಕೆಯೊಡನೆ ಕುಳಿತು, ಆ ದಿನಗಳ ಕೆಲಸವನ್ನು ಯಾರು ಯಾರು ಮಾಡುವುದೆಂದು ಕಾಗದದ ಮೇಲೆ ಬರೆಯಿರಿ. ಬೀಗರಿಗೆ ಫೋನ್ ಮಾಡಿ. ಮಕ್ಕಳಿಗೆ ಮೂರು ತಿಂಗಳು ಮುಂಚಿತವಾಗಿ ತಿಳಿಸಿ; ರೈಲಿನ ಟಿಕೆಟ್ಟಿಗೆ, ಕಚೇರಿಯ ರಜೆಗೆ, ಈಜಿನ ಶುಲ್ಕಕ್ಕೆ ಅಷ್ಟು ಮುನ್ಸೂಚನೆ ಬೇಕು. ಅವರು ಒಂಬತ್ತು ದಿನ ಆಗದು, ಐದು ದಿನ ಎಂದರೆ ಐದನ್ನೇ ತೆಗೆದುಕೊಳ್ಳಿ. ಆದರೆ ಆ ಐದೂ ಒಟ್ಟಿಗೆ ಇರಲಿ.